ಅವ್ವನ ಮುಷ್ಟಿಯೊಳಗಿನ ಸಂಜೀವಿನಿ

ಮೊನ್ನೆ ಹೊಸಪೇಟೆಯ ಆಟಿಕೆ ಅಂಗಡಿಯಲ್ಲಿ ಇಪ್ಪತ್ತು ಮುಖದ ದಾಳವೊಂದು ಕಂಡಿತು. ಕೈಗೆತ್ತಿಕೊಂಡಿದ್ದೇ ತಡ, ಬಾಲ್ಯದ ದೋಣಿಮಲೈ ಗಣಿ ಕ್ವಾರ್ಟರ್ಸಿನ ನಮ್ಮ ನಡುಮನೆಗೆ ಹೋಗಿ ಬಿದ್ದೆ.

ಅಲ್ಲಿ ನಾನು ಸಾಕ್ಷಾತ್ ವಿಧಾತ. ಅತ್ತೆಯ ಮಗನಿಂದ ಕಲಿತ ಆಟ ಅದು. ನಾನು ಕಥೆ ಹೇಳಬೇಕು, ಮನೆಯವರು ಅದರೊಳಗಿನ ವೀರರಾಗಬೇಕು, ಸೋಲು ಗೆಲುವು ದಾಳಕ್ಕೆ ಬಿಟ್ಟಿದ್ದು. ನನ್ನ ಪುಟ್ಟ ತಮ್ಮ ಜ್ವರದಲ್ಲಿ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ನಗು ನಿಂತುಹೋಗಿತ್ತು. ಅದನ್ನು ಮರಳಿ ತರುವ ಗುತ್ತಿಗೆ ನಾನೇ ಹಿಡಿದಿದ್ದೆ.

ಕಂಪನಿ ಬಸ್ಸಿನ ಡ್ರೈವರ್ ಅಪ್ಪ, ಆಟದಲ್ಲಿ ಮಹಾರಾಜನಾದರೂ, "ರಥದ ಗಾಲಿಗೆ ಹವಾ ಐತೇನಲೇ?" ಎಂದು ಕೇಳಿಯೇ ಯುದ್ಧಕ್ಕೆ ಹೊರಟ. ಅಕ್ಕ ನಕ್ಕಳು. ಅವ್ವನೂ ನಕ್ಕಳು! ನಾನು ಉಬ್ಬಿಹೋಗಿ ಅವ್ವನಿಗೆ ಸಂಜೀವಿನಿ ದಯಪಾಲಿಸಿದೆ.

"ಸತ್ತೋರ ಬಾಯಾಗ ಬಿಟ್ರ ಎದ್ದು ಕುಂದ್ರತಾರವ್ವ. ಆದ್ರ ಒಂದೇ ಸಲ."

ಅವ್ವನ ನಗು ನಿಂತಿತು. "ಸತ್ತೋರು ಯಾರ ಆದ್ರೂ?"

"ಯಾರ ಆದ್ರೂ!"

ಮುಂದಿನ ಗುಹೆಯಲ್ಲೇ ರಾಕ್ಷಸನ ಏಟಿಗೆ ಮಹಾರಾಜ ಸತ್ತ.

"ಅವ್ವಾ, ಜಲ್ದಿ! ಅಪ್ಪಗ ಹಾಕು!" ಅಕ್ಕ ಕೂಗಿದಳು.

ಅವ್ವ ಖಾಲಿ ಮುಷ್ಟಿಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. "ಬ್ಯಾಡ. ಇದನ್ನ ಇಟ್ಕೊತೀನಿ."

"ಸೋತು ಹೋಗ್ತೀವಿ ನೋಡವ್ವ!" ವಿಧಾತನೇ ಗೋಗರೆದ.

ಚಾಪೆಯ ಮೇಲೆ ಹೆಣವಾಗಿ ಮಲಗಿದ್ದ ಅಪ್ಪ ಕಣ್ಣು ತೆರೆದು ಅವ್ವನ ಸೆರಗನ್ನೇ ನೋಡಿದ.

"ಸುಮ್ನಿರ್ರಲೇ," ಎಂದು ಮತ್ತೆ ಕಣ್ಣು ಮುಚ್ಚಿದ. "ನಾ ಸತ್ತೇ ಇರ್ತೀನಿ."

ಈಗ ನನ್ನ ಮಕ್ಕಳಿಗೂ ಆ ಆಟ ಹೇಳಿಕೊಟ್ಟಿದ್ದೇನೆ. ಗಾಯಕ್ಕೆ ಮುಲಾಮು, ವಿಷಕ್ಕೆ ಮದ್ದು ಧಾರಾಳವಾಗಿ ಹಂಚುತ್ತೇನೆ. ಸತ್ತವರಿಗೆ ಮಾತ್ರ ಏನನ್ನೂ ಇಟ್ಟಿಲ್ಲ.