ಐದು ಮೀನು ಮತ್ತು ಅತ್ತೆಯ ಚಹಾ

ಮೀನು ಸಾಕುವುದು ಹೇಗೆಂದು ಗೊತ್ತಿಲ್ಲದವರು ಬೆಳಗಾವಿಯಲ್ಲಿ ಯಾರೂ ಇಲ್ಲ. ಇದು ನನಗೆ ತಿಳಿದದ್ದು ನಮ್ಮ ಮನೆಗೆ ಗಾಜಿನ ತೊಟ್ಟಿ ಬಂದ ವಾರದಲ್ಲಿ. ಹಾಲಿನವನಿಗೆ ಗೊತ್ತಿತ್ತು, ಇಸ್ತ್ರಿಯವನಿಗೆ ಗೊತ್ತಿತ್ತು, ಖಾನಾಪುರದ ಬಸ್ಸಿನಲ್ಲಿ ದಿನಾ ನನ್ನ ಬಾಜು ಕೂತು ನಿದ್ದೆ ಹೊಡೆಯುವ ನರ್ಸ್ ಬಾಯಿಯವರಿಗೂ ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ. ನಾನು ಖಾನಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ.

ತೊಟ್ಟಿ ಬಂದದ್ದು ಅತ್ತೆಯ ಬಿ.ಪಿ. ಸಲುವಾಗಿ. ದಿನಾ ಅರ್ಧ ತಾಸು ಮೀನು ನೋಡುತ್ತ ಕೂತರೆ ಬಿ.ಪಿ. ತಾನಾಗಿ ಇಳಿಯುತ್ತದೆಂದು ನನ್ನ ಗಂಡನಿಗೆ ಆಫೀಸಿನಲ್ಲಿ ಯಾರೋ ಹೇಳಿದ್ದರು. ಅವರು ಶನಿವಾರ ಸಂಜೆ ಒಂದು ಕೈಯಲ್ಲಿ ತೊಟ್ಟಿ, ಇನ್ನೊಂದು ಕೈಯಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಚೀಲ ಹಿಡಿದು ರಿಕ್ಷಾದಿಂದ ಇಳಿದರು. ಚೀಲದಲ್ಲಿ ಐದು ಗೋಲ್ಡ್ ಫಿಶ್: ನಾಲ್ಕು ಕೇಸರಿ, ಒಂದು ಕಪ್ಪು.

ರವಿವಾರ ಪೇಟೆಯ ಹಿಂದಿನ ಓಣಿಯಲ್ಲಿ ನಮ್ಮದು ಜೈನರ ಮನೆ. ಇರುವವರು ಮೂರೇ ಜನ. ಅತ್ತೆ ನೀರನ್ನು ಎರಡು ಪದರ ಬಟ್ಟೆಯಲ್ಲಿ ಸೋಸದೆ ಮುಟ್ಟುವುದಿಲ್ಲ, ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನನ್ನೂ ಹಾಕುವುದಿಲ್ಲ, ಇರುವೆಯ ಸಾಲು ಕಂಡರೆ ತಾವೇ ಸುತ್ತು ಹಾಕಿ ನಡೆಯುತ್ತಾರೆ. ಚೀಲ ನೋಡಿ ಅವರ ಮುಖ ಬಾಡಿತು.

"ಜೀವ ಕಟ್ಟಿ ಹಾಕೂದು ಪಾಪ ಅಲ್ಲೇನೋ?"

"ಅವ್ವಾ, ಅಂಗಡ್ಯಾಗ ಇದ್ದಿದ್ರ ಸತ್ತಽ ಹೋಗ್ತಿದ್ದುವು. ನಾ ಬಿಡಿಸಿಕೊಂಡು ಬಂದೀನಿ. ಇದು ಜೀವದಯಾ," ಎಂದರು ನನ್ನ ಗಂಡ. ಮಾತಿನಲ್ಲಿ ಅವರನ್ನು ಗೆದ್ದವರಿಲ್ಲ.

ಅತ್ತೆ ಚೀಲವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಮೀನು ಎಣಿಸಿದರು. "ಹಂಗಾರ ಇವುಗಳ ಜವಾಬ್ದಾರಿ ನಂದು. ನಮ್ಮ ಮನ್ಯಾಗ ಒಂದು ಸತ್ತ್ರ ನಾ ಒಂದು ಪದಾರ್ಥ ಬಿಡ್ತೀನಿ."

ಇದು ನಮ್ಮ ಹಿರಿಯರ ಪದ್ಧತಿ. ತಮ್ಮಿಂದ ಜೀವ ಹೋಯಿತು ಅನಿಸಿದರೆ ತಮಗೆ ಪ್ರೀತಿಯದೊಂದು ತಿನಿಸನ್ನು ಬಿಟ್ಟುಬಿಡುತ್ತಾರೆ. ಬಿಟ್ಟರೆ ಬಿಟ್ಟಂತೆ, ಜೀವಮಾನಕ್ಕೆ. ಗಂಡ ನಕ್ಕರು, ನಾನೂ ನಕ್ಕೆ. ಅಂಗಡಿಯವನು "ಇವತ್ತ ನೀರು ತುಂಬ್ರಿ, ಇವತ್ತಽ ಮೀನ ಬಿಡ್ರಿ, ಏನೂ ಆಗಂಗಿಲ್ಲ" ಎಂದಿದ್ದನಂತೆ. ತುಂಬಿದೆವು, ಬಿಟ್ಟೆವು. ಮೂರನೆಯ ದಿನ ಒಂದು ಕೇಸರಿ ಹೊಟ್ಟೆ ಮೇಲೆ ಮಾಡಿ ತೇಲಿತು.

ಅತ್ತೆ ಕುಂದಾ ಬಿಟ್ಟರು.

ಬೆಳಗಾವಿಯಲ್ಲಿ ಹುಟ್ಟಿ ಬೆಳಗಾವಿಯಲ್ಲೇ ಕೊಟ್ಟ ಹೆಣ್ಣುಮಗಳು ಕುಂದಾದಂಥ ಹಾಲಿನ ಸಿಹಿ ಬಿಡುವುದೆಂದರೆ ಏನೆಂದು ಹೊರಗಿನವರಿಗೆ ಹೇಳಿ ತಿಳಿಸಲಾಗದು. ನನ್ನ ಗಂಡ ಸೀದಾ ಅಂಗಡಿಗೆ ಹೋಗಿ ಜಗಳವಾಡಿದರು. ಅಂಗಡಿಯವನು ಶಾಂತವಾಗಿ ಒಂದು ನೀಲಿ ಔಷಧದ ಬಾಟಲಿ ಮಾರಿ ಕಳಿಸಿದ. ಜೊತೆಗೆ ಎರಡು ಸಲಹೆ ಪುಕ್ಕಟೆ. ಒಂದು, ಮೀನು ಬಾಯಿ ತೆರೆದಾಗಲೆಲ್ಲ ಕಾಳು ಹಾಕಬೇಕು. ಎರಡು, ಗಾಳಿಯ ಪಂಪು ಬರೀ ಅಂದಕ್ಕೆ, ಮನೆಗೆ ಬೀಗರು ಬಂದಾಗ ಹಚ್ಚಿದರೆ ಸಾಕು.

ಮೀನು ಬಾಯಿ ತೆರೆಯದೆ ಇರುವ ಹೊತ್ತು ಯಾವುದೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಬೆಳಿಗ್ಗೆ ಗಂಡ ಹಾಕುತ್ತಿದ್ದರು. ಅವರು ಹಾಕಿದ್ದು ಗೊತ್ತಿಲ್ಲದೆ ನಾನು ಹಾಕುತ್ತಿದ್ದೆ. ಮಧ್ಯಾಹ್ನ ಅತ್ತೆ "ಹಸದಾವ ಪಾಪ" ಎಂದು ಹಾಕುತ್ತಿದ್ದರು. ರಾತ್ರಿ ಟೀವಿ ನೋಡುತ್ತ ಗಂಡ ಮತ್ತೊಮ್ಮೆ. ನೀರು ಅಕ್ಕಿ ತೊಳೆದ ನೀರಿನಂತಾಯಿತು. ಆಗ ನನ್ನ ಗಂಡ ಮೊಬೈಲಿನಲ್ಲಿ ಏನೋ ನೋಡಿ, ಮೀನುಗಳನ್ನು ಬಕೆಟ್ಟಿಗೆ ಬಿಟ್ಟು, ಕಲ್ಲು, ಸ್ಪಂಜು, ತೊಟ್ಟಿ ಎಲ್ಲವನ್ನೂ ಸಾಬೂನು ಪುಡಿ ಹಾಕಿ ತಿಕ್ಕಿ, ಮಾಳಿಗೆಯ ಬಿಸಿಲಿನಲ್ಲಿ ಹಪ್ಪಳದ ಹಾಗೆ ಒಣಗಿಸಿದರು. ತೊಟ್ಟಿ ಲಕಲಕ ಹೊಳೆಯಿತು. ಮರುದಿನ ಎರಡನೆಯ ಕೇಸರಿ ಹೋಯಿತು.

ಅತ್ತೆ ಶೇಂಗಾ ಚಟ್ನಿ ಬಿಟ್ಟರು. ಊಟಕ್ಕೆ ಕೂತರೆ ಅವರ ರೊಟ್ಟಿ ನೋಡಿ ನಾನೂ ಚಟ್ನಿಯ ಡಬ್ಬಿಯನ್ನು ಬದಿಗೆ ಸರಿಸುತ್ತಿದ್ದೆ. ಅವರೇನೋ ಮೊಸರು ಹಚ್ಚಿಕೊಂಡು ನೆಮ್ಮದಿಯಿಂದ ಉಂಡೆದ್ದು, ಕೈ ತೊಳೆಯುತ್ತ ಹೇಳಿದರು, "ಇನ್ನ ಒಂದು ಹೋದ್ರ ಚಹಾ."

ಆ ಮಾತಿಗೆ ನಾವಿಬ್ಬರೂ ಬೆವೆತೆವು. ಅತ್ತೆಯ ಚಹಾ ಎಂದರೆ ನಮ್ಮ ಮನೆಯ ಆಧಾರಸ್ತಂಭ. ಬೆಳಿಗ್ಗೆ ಬಸದಿಯಿಂದ ಬಂದ ಮೇಲೆ ಒಂದು ಲೋಟ, ಸಂಜೆ ಹೊತ್ತು ಮುಳುಗುವ ಮೊದಲು ಒಂದು ಲೋಟ. ಬೇರೆಯವರು ಮಾಡಿದ್ದು ಅವರಿಗೆ ಚಹಾವೇ ಅಲ್ಲ. ತಮ್ಮದೇ ಸಣ್ಣ ಪಾತ್ರೆ, ತಮ್ಮದೇ ಸ್ಟೀಲ್ ಲೋಟ. ಹಿಂದೊಮ್ಮೆ ನೋಂಪಿ ವ್ರತದ ದಿನ ಅವರು ಚಹಾ ಬಿಟ್ಟಾಗ ತಲೆ ನೋವು ಇಡೀ ಮನೆಗೆ ಬಂದಿತ್ತು. ಕುಂದಾ, ಚಟ್ನಿ ಹೇಗೋ ತಡೆದುಕೊಂಡರು. ಎಪ್ಪತ್ತು ದಾಟಿದ ಜೀವ, ಇದ್ದದ್ದು ಅದೊಂದೇ ಸುಖ. ಉಳಿದ ಮೂರು ಮೀನನ್ನು ಹೇಗಾದರೂ ಬದುಕಿಸಲೇಬೇಕೆಂದು ನಾನು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ.

ಶಾಲೆಯಲ್ಲಿ ವಿಷಯ ತೆಗೆದೆ. ನಮ್ಮ ಗಂಟೆ ಹೊಡೆಯುವ ಶಿಪಾಯಿ ಮಲಪ್ರಭೆಯ ದಂಡೆಯಲ್ಲೇ ಬೆಳೆದ ಮರಾಠಿ ಮನೆಯ ಹಿರಿಯ. ನನ್ನ ಅಜ್ಞಾನ ಕಂಡು ಅವರಿಗೆ ಅಯ್ಯೋ ಅನಿಸಿತು.

"ಬಾಯಾರ, ನಳದ ನೀರಾಗ ಔಷಧ ಹಾಕಿರ್ತಾರ್ರೀ. ಮೀನಕ್ಕ ನದೀ ನೀರಽ ಪಾಯಿಜೆ, ಅದಽ ಬೇಕು. ನಾ ತುಂಬಿ ಕೊಡ್ತೀನಿ, ಒಯ್ಯರಿ."

ಹತ್ತು ಲೀಟರಿನ ಕ್ಯಾನು ತುಂಬಿ ಬಸ್ ಸ್ಟ್ಯಾಂಡಿನವರೆಗೆ ತಾವೇ ಹೊತ್ತು ತಂದುಕೊಟ್ಟರು. ಕಂಡಕ್ಟರ್ ಕ್ಯಾನನ್ನೂ ನನ್ನನ್ನೂ ಸರದಿಯಂತೆ ನೋಡಿದ. "ಯಾಕ್ರಿ ಟೀಚರ್, ಬೆಳಗಾವ್ಯಾಗ ನೀರು ಮುಗದಾವೇನ್ರಿ?"

ಮನೆಗೆ ಬಂದು ಹೆಮ್ಮೆಯಿಂದ ಕ್ಯಾನು ಇಳಿಸಿದೆ. ಅತ್ತೆ ಪದ್ಧತಿಯಂತೆ ತೊಟ್ಟಿಗೆ ಬಟ್ಟೆ ಕಟ್ಟಿ ಸೋಸಿದರು. ಬಟ್ಟೆಯ ಮೇಲೆ ಏನೋ ಮಿಸುಕಾಡಿತು. ಕನ್ನಡಕ ಹಾಕಿಕೊಂಡು ನೋಡಿದರು. ಸಣ್ಣ ಹುಳಗಳು, ಕಂಡೂ ಕಾಣದಂಥ ಮರಿಗಳು, ನಮ್ಮ ಶಾಲೆಯ ಸೂಕ್ಷ್ಮದರ್ಶಕದಲ್ಲಿ ನನ್ನಿಂದ ಎಂದೂ ತೋರಿಸಲಾಗದಷ್ಟು ಜೀವವೈವಿಧ್ಯ.

"ಯವ್ವಾ, ಇದರಾಗ ಒಂದು ಊರಽ ಐತಿ!" ಎಂದರು ಅತ್ತೆ. "ಎಲ್ಲಿ ನೀರೋ ಅಲ್ಲೇ ಬಿಡಬೇಕು. ನಾಳಿಗಿ ಒಯ್ದು ಬಿಟ್ಟು ಬಾ."

ಸೋಸಿದ ಬಟ್ಟೆಯಲ್ಲಿ ಉಳಿದ ಜೀವಗಳನ್ನು ನೀರು ತಂದ ಜಾಗಕ್ಕೇ ಮುಟ್ಟಿಸಬೇಕು. ಇದೂ ಪದ್ಧತಿ. ಬಾವಿಯ ಕಾಲದಲ್ಲಿ ಇದು ಸುಲಭವಿತ್ತು, ಹಿತ್ತಲಿಗೆ ಹೋಗಿ ಬಂದರಾಯಿತು. ಇಲ್ಲಿ ಬಾವಿ ಇಪ್ಪತ್ತೈದು ಕಿಲೋಮೀಟರು ದೂರವಿತ್ತು. ಮರುದಿನ ನನ್ನ ಟಿಫಿನ್ ಡಬ್ಬಿಯ ಒಂದು ಅಂತಸ್ತಿನಲ್ಲಿ ಚಪಾತಿ, ಇನ್ನೊಂದರಲ್ಲಿ ಮಲಪ್ರಭೆಯ ಪ್ರಜೆಗಳು. ಅದೇ ಕಂಡಕ್ಟರ್. ಬಸ್ಸು ಕುಲುಕಿದಾಗಲೆಲ್ಲ ನಾನು ಡಬ್ಬಿಯನ್ನು ಎದೆಗೆ ಅಪ್ಪಿಕೊಳ್ಳುವುದನ್ನು ನೋಡಿ, "ಇವತ್ತ ವಾಪಸ್ ಏನ್ರಿ?" ಎಂದ. ಅವನು ತಮಾಷೆಗೆ ಕೇಳಿದ್ದು. ನಾನು ಹೌದು ಎಂದೆ. ನದಿಗೆ ಹೋಗಿ ಬಿಟ್ಟು ಬರುವಷ್ಟರಲ್ಲಿ ಪ್ರಾರ್ಥನೆಯ ಗಂಟೆ ಹೊಡೆದು ಮುಖ್ಯೋಪಾಧ್ಯಾಯರಿಂದ ಬೈಸಿಕೊಂಡೆ. ಕಾರಣ ಮಾತ್ರ ಹೇಳಲಿಲ್ಲ.

ನನ್ನ ಸಲಹೆಗಾರರ ಕಥೆ ಇಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಆ ಬಟ್ಟೆಯನ್ನು ನೋಡಿದ ಮೇಲೆ ಅತ್ತೆಗೆ ಒಂದು ವಿಚಾರ ಹೊಕ್ಕಿತು. ಮುನಿಗಳಿಗೆ ಕೊಡುವ ನೀರನ್ನು ಸೋಸಿ, ಕಾಸಿ ಕೊಡುತ್ತೇವೆ. ಈ ಮೂಕ ಜೀವಗಳಿಗೇಕೆ ಕಡಿಮೆ? ಎರಡು ದಿನ ಬಿಟ್ಟು ಸಂಜೆ ದೊಡ್ಡ ಹಂಡೆಯಲ್ಲಿ ನೀರು ಕುದಿಸಿ, ಮುಚ್ಚಿಟ್ಟು, ಬೆಳತನಕ ತಣ್ಣಗೆ ಆರಿಸಿ, ನಸುಕಿನಲ್ಲೇ ತೊಟ್ಟಿಯ ಹಳೆಯ ನೀರೆಲ್ಲ ಚೆಲ್ಲಿ ಹೊಸದು ತುಂಬಿದರು. ನಾನು ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಡುವಾಗ ಮೂರೂ ಮೀನು ನೀರಿನ ಮೇಲೆ ಬಂದು ಬಾಯಿ ಪಟಪಟ ಬಡಿಯುತ್ತಿದ್ದವು.

"ನೋಡು, ಶುದ್ಧ ನೀರು ಸಿಕ್ಕ ಕೂಡಲೇ ಣಮೋಕಾರ ಮಂತ್ರ ಅನ್ನಾಕ ಹತ್ಯಾವ," ಎಂದರು ಅತ್ತೆ. ಅವರ ಮುಖದ ಸಂತೋಷ ನೋಡಿ ನನಗೂ ಖುಷಿಯಾಯಿತು. ಬಸ್ಸು ಹಿಡಿದೆ.

ಆ ದಿನ ಒಂಬತ್ತನೆಯ ತರಗತಿಗೆ ನೀರಿನ ಪಾಠ. ಬೀಕರಿನಲ್ಲಿ ನೀರಿಟ್ಟು ಕೆಳಗೆ ಉರಿ ಹಚ್ಚಿದೆ. ಗಾಜಿನ ಬದಿಗೆ ಸಣ್ಣ ಸಣ್ಣ ಗುಳ್ಳೆ ಕಟ್ಟಿದವು. ಹನ್ನೆರಡು ವರ್ಷ ಹೇಳಿದ ಮಾತನ್ನೇ ಹೇಳಿದೆ: "ನೋಡಿ, ಇದು ನೀರಿನಲ್ಲಿ ಕರಗಿದ್ದ ಗಾಳಿ. ಮೀನು ಉಸಿರಾಡುವುದು ಇದನ್ನೇ. ಕುದಿಸಿದರೆ ಇದೆಲ್ಲ ಹೊರಟುಹೋಗುತ್ತದೆ."

ಹೇಳಿದ ಬಾಯಿ ಹಾಗೇ ತೆರೆದುಕೊಂಡಿತು. ಬೆಳಿಗ್ಗೆ ಆ ಮೂರು ಮೀನುಗಳ ಬಾಯಿ ತೆರೆದುಕೊಂಡಿದ್ದ ಹಾಗೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆ ನನ್ನಂಥವಳನ್ನು ನೋಡಿಯೇ ಹುಟ್ಟಿರಬೇಕು. ಉರಿ ಆರಿಸಿ, ಅರ್ಧ ದಿನದ ರಜೆ ಬರೆದುಕೊಟ್ಟು ಬಸ್ ಸ್ಟ್ಯಾಂಡಿಗೆ ಓಡಿದೆ. ದಾರಿಯುದ್ದಕ್ಕೂ ನನ್ನ ಕಣ್ಣ ಮುಂದೆ ಇದ್ದದ್ದು ಮೀನಲ್ಲ, ಅತ್ತೆಯ ಸ್ಟೀಲ್ ಲೋಟ.

ಮನೆಯಲ್ಲಿ ಯಾರೂ ಇರಲಿಲ್ಲ. ಅತ್ತೆ ಬಸದಿಯಲ್ಲಿ ಪ್ರವಚನಕ್ಕೆ ಹೋಗಿದ್ದರು, ಬರುವುದು ನಾಲ್ಕೂವರೆಗೆ. ಒಂದು ಕೇಸರಿ ಸತ್ತಿತ್ತು. ಇನ್ನೊಂದು ಕೇಸರಿ ಮತ್ತು ಕಪ್ಪು ಮೀನು ಮೂಲೆಯಲ್ಲಿ ಏದುಸಿರು ಬಿಡುತ್ತಿದ್ದವು. ಹಿಂದಿನ ದಿನ ತುಂಬಿಟ್ಟ ಬಕೆಟ್ಟಿನ ನೀರನ್ನು ಚೊಂಬಿನಿಂದ ಎತ್ತರದಿಂದ ಸುರಿದೆ, ಬೀಗರಿಗಾಗಿ ಕಾದಿದ್ದ ಪಂಪು ಹಚ್ಚಿದೆ. ಒಂದು ತಾಸಿಗೆ ಎರಡೂ ಕೆಳಗಿಳಿದು ಓಡಾಡತೊಡಗಿದವು.

ಸತ್ತದ್ದನ್ನು ಅಂಗೈಯಲ್ಲಿಟ್ಟುಕೊಂಡು ನಿಂತೆ. ಅತ್ತೆ ಕೇಳುತ್ತಾರೆ, ಹೇಗೆ ಸತ್ತಿತು ಎಂದು. ನಿಮ್ಮ ಕೈಯಿಂದ ಎಂದು ಹೇಗೆ ಹೇಳಲಿ? ಇರುವೆಗೆ ಸುತ್ತು ಹಾಕಿ ನಡೆಯುವ ಹೆಂಗಸು. ಚಹಾ ಒಂದೇ ಅಲ್ಲ, ಈ ದುಃಖದಲ್ಲಿ ಊಟವನ್ನೇ ಬಿಟ್ಟಾರು. ನನಗೆ ಅಳು ಬಂತು. ಅದರ ಬಾಲದ ಮೇಲೆ ಒಂದು ಬಿಳಿ ಚುಕ್ಕಿಯಿತ್ತು. ಗುರುತಿಟ್ಟುಕೊಂಡೆ, ಕರಿಬೇವಿನ ಗಿಡದ ಬುಡದಲ್ಲಿ ಹೂತೆ, ರಿಕ್ಷಾ ಹಿಡಿದು ಅಂಗಡಿಗೆ ಹೋದೆ.

"ಬಾಲದ ಮ್ಯಾಲೆ ಬಿಳಿ ಚುಕ್ಕಿ ಇರಬೇಕು," ಎಂದೆ. ಅಂಗಡಿಯವನು ಜಾಳಿಗೆ ಹಿಡಿದು ಹತ್ತು ನಿಮಿಷ ಹುಡುಕಿದ. ನಾನು ಒಂದೊಂದನ್ನೇ ಬೇಡವೆಂದೆ. "ಏನ್ರೀ ಅಕ್ಕಾರ, ಸೊಸಿ ನೋಡಾಕ ಬಂದಂಗ ಮಾಡಾಕ ಹತ್ತೀರಿ," ಎಂದು ಬೇಸತ್ತ. ಕೊನೆಗೆ ಒಂದು ಸಿಕ್ಕಿತು.

ಅತ್ತೆ ಬಂದಾಗ ತೊಟ್ಟಿಯಲ್ಲಿ ಮೂರು ಮೀನು ಈಜುತ್ತಿದ್ದವು. ಅವರು ಚಪ್ಪಲಿ ಬಿಟ್ಟು, ಕಾಲು ತೊಳೆದು, ತೊಟ್ಟಿಯ ಮುಂದೆ ಸ್ವಲ್ಪ ಹೊತ್ತು ನಿಂತರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುತ್ತಾರೆ. ಜೈನರ ಮನೆಯಲ್ಲಿ ಹಾವೂ ಸಾಯುವಂತಿಲ್ಲವಾದ್ದರಿಂದ ನನ್ನ ಕೆಲಸ ಇನ್ನೂ ಕಷ್ಟದ್ದಾಗಿತ್ತು.

"ಅತ್ಯಾರ, ಕಾಸಿದ ನೀರು ಇವುಗಳ ಚರ್ಮಕ್ಕ ಆಗಿಬರಂಗಿಲ್ಲಂತ್ರಿ. ಬರೇ ಸೋಸಿದ್ರ ಸಾಕಂತ, ಅಂಗಡ್ಯಾಂವ ಹೇಳಿದ."

"ಹೌದ? ಆತು ಬಿಡು," ಎಂದರು. ಒಂದು ಪ್ರಶ್ನೆಯೂ ಇಲ್ಲ. ಒಳಗೆ ಹೋಗಿ ಒಲೆಯ ಮೇಲೆ ತಮ್ಮ ಸಣ್ಣ ಪಾತ್ರೆ ಇಟ್ಟರು. ಲೋಟ ಹಿಡಿದು ಬಂದು ತಮ್ಮ ಕುರ್ಚಿಯಲ್ಲಿ ಕೂತು ಊದಿ ಊದಿ ಕುಡಿದರು. ನನ್ನ ಜೀವ ತಣ್ಣಗಾಯಿತು.

ಆಮೇಲೆ ಅತ್ತೆ ಮೀನುಗಳ ಕಾರಭಾರ ಪೂರ್ತಿ ತಮ್ಮ ಕೈಗೆ ತೆಗೆದುಕೊಂಡರು. "ನಮ್ಮ ಮನ್ಯಾಗಿನ ಜೀವ, ನಮ್ಮಂಗಽ ಇರಬೇಕು. ಹೊತ್ತು ಮುಳುಗಿದ ಮ್ಯಾಲೆ ಕಾಳಿಲ್ಲ. ಅಷ್ಟಮಿ, ಚತುರ್ದಶಿ ಉಪವಾಸ." ನನ್ನ ಗಂಡ ಹೊಟ್ಟೆ ಹಿಡಿದು ನಕ್ಕರು. ಮೀನಿಗೆ ನೋಂಪಿ ಹಿಡಿಸಿದ ಮನೆ ಎಂದು ಓಣಿಯಲ್ಲೆಲ್ಲ ಹೆಸರಾಯಿತು. ಆದರೆ ನೀರು ತಿಳಿಯಾಯಿತು, ಮೀನು ಮಿಂಚತೊಡಗಿದವು. ಇಡೀ ಬೆಳಗಾವಿ ಕೊಟ್ಟ ಸಲಹೆಗಳಲ್ಲಿ ಫಲ ಕೊಟ್ಟದ್ದು ಅದೊಂದೇ. ಅತ್ತೆಗೆ ಮಾತ್ರ ನಾಲ್ಕೈದು ದಿನ ತಲೆ ಸಿಡಿಯಿತು, ಹಣೆಗೆ ಬಟ್ಟೆ ಕಟ್ಟಿಕೊಂಡು ಮಲಗಿದರು. ಬಿಸಿಲಿಗೆ ಅಂದರು. ಆ ತಿಂಗಳು ಚಹಾಪುಡಿಯೂ ಯಾಕೋ ಉಳಿಯಿತು. ಹೊಸ ಪುಡಿ ಬಹಳ ಗಟ್ಟಿ ಇದೆ ಅಂದುಕೊಂಡೆ. ವಿಜ್ಞಾನದವಳು ನಾನು.

ಆರೇಳು ತಿಂಗಳ ಮೇಲೆ, ಒಂದು ರವಿವಾರ ಸಂಜೆ, ಅತ್ತೆ ಯಾರೋ ಕರೆದರೆಂದು ಲೋಟ ಅಲ್ಲೇ ಇಟ್ಟು ಬಾಗಿಲಿಗೆ ಹೋದರು. ಮೇಜು ಒರೆಸುತ್ತ ಲೋಟ ಎತ್ತಿದೆ. ಒಳಗೆ ಬಿಸಿ ನೀರಿತ್ತು. ಬರೇ ನೀರು. ಅದರ ತಳದಲ್ಲಿ ಲೋಟದ ಸ್ಟೀಲು ಕಾಣುತ್ತಿತ್ತು.

ಅತ್ತೆ ಬಂದು ನನ್ನ ಕೈಯಲ್ಲಿದ್ದ ಲೋಟ ನೋಡಿದರು, ನನ್ನ ಮುಖ ನೋಡಿದರು, ಕೂತರು.

"ಸತ್ತದ್ದರ ಚುಕ್ಕಿ ಎಡಕ್ಕಿತ್ತು," ಎಂದರು. "ನೀ ತಂದದ್ದರದು ಬಲಕ್ಕ ಐತಿ."

"ಗೊತ್ತಿದ್ರ ಮತ್ತ ಯಾಕ ಸುಮ್ಮನಿದ್ರಿ ಅತ್ಯಾರ? ಕುಡಿಯೂ ಹಂಗ ಯಾಕ ಮಾಡಿದ್ರಿ?"

"ಅಷ್ಟು ಬಿಸಿಲಾಗ ಖಾನಾಪುರದಿಂದ ಓಡಿ ಬಂದಿದ್ದಿ. ಚಹಾ ಬಿಟ್ಟೆ ಅಂದಿದ್ರ ನಿನ್ನ ಮಾರಿ ನೋಡಾಕ ಆಗ್ತಿತ್ತೇನು? ನೀ ಮೀನ ಬದಲಿ ಮಾಡಿದಿ, ನಾ ಚಹಾ ಬದಲಿ ಮಾಡಿದೆ." ತೊಟ್ಟಿಯ ಕಡೆ ನೋಡುತ್ತಲೇ ಕೇಳಿದರು, "ಖರೇ ಹೇಳು. ಅದು ನನ್ನ ಕಾಸಿದ ನೀರಿಗೇ ಹೋತು, ಹೌದಲ್ಲೊ?"

ಹನ್ನೆರಡು ವರ್ಷದ ಪಾಠ ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. "ಇಲ್ಲರಿ. ಅದಕ್ಕ ವಯಸ್ಸಾಗಿತ್ತು."

ಅತ್ತೆ ನನ್ನ ಕಡೆ ತಿರುಗಿ ನೋಡಿದರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನೂ ನಕ್ಕೆ. ನನ್ನ ಕಣ್ಣೀರು ಮಾತ್ರ ನಗೆಯದಾಗಿರಲಿಲ್ಲ.

"ಸಾಲಿ ಹುಡುಗೂರಿಗೂ ಹಿಂಗಽ ಕಲಿಸ್ತಿ ಏನು?" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು ಕಿಟಕಿಯ ಕಡೆ ನೋಡಿದರು. "ಏಳು, ಹೊತ್ತು ಮುಳುಗಾಕ ಬಂತು. ಕಾಳು ಹಾಕು, ನಾಕಽ ನಾಕು."

ಡಬ್ಬಿ ತೆರೆದು ನಾಲ್ಕು ಕಾಳು ಎಣಿಸಿ ಹಾಕಿದೆ. ಮುಚ್ಚಳ ಹಾಕುವಷ್ಟರಲ್ಲಿ ಹಿಂದಿನಿಂದ ಅತ್ತೆ ಅಂದರು:

"ಆ ಬಲಚುಕ್ಕಿಗೆ ಇನ್ನೊಂದು ಕಾಳು ಹಾಕು. ಅದು ನನ್ನ ಚಹಾದ ಬದಲಿಗೆ ಬಂದದ್ದು."