ಕುಂಬಾರ ಕಾಕಾನ ಮಗಳ ಐರಾಣಿ

ಗೋಳಗುಮ್ಮಟದ ಹತ್ತಿರ ಮಣ್ಣಿನ ಪಾತ್ರೆಗಳ ಪ್ರದರ್ಶನ ಇಟ್ಟಿದ್ದಾರೆಂದು ಮೊನ್ನೆ ಸೊಸೆ ಜಲನಗರದಿಂದ ಆಟೊದಲ್ಲಿ ನನ್ನನ್ನು ಕರೆದುಕೊಂಡು ಹೋದಳು. ಒಂದು ಕಡೆ ನೆಲ ಅಗೆದಾಗ ಸಿಕ್ಕ ಹಳೆಯ ಕಾಲದ ಕುಡಿಕೆಗಳು, ಇನ್ನೊಂದು ಕಡೆ ಯಾವ ಯಾವುದೋ ದೇಶದವರ ಹೂಜಿಗಳು. ಮೂಲೆಯಲ್ಲಿ ಈಗಿನ ಕಲಾವಿದರು ಮಾಡಿದ ಸೊಟ್ಟ ಬಾಯಿಯ ಗಡಿಗೆಗಳು. ಅವುಗಳಲ್ಲಿ ನೀರು ತುಂಬುವಂತಿಲ್ಲ, ಅನ್ನ ಬೇಯಿಸುವಂತಿಲ್ಲ. ನೋಡುತ್ತ ನೋಡುತ್ತ ಕೈ ತಾನಾಗಿಯೇ ಮುಂದೆ ಹೋಗಿ ಒಂದು ಗಡಿಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿಬಿಟ್ಟಿತು. ಠಣ್ ಎಂದಿತು.

“ಅಜ್ಜೀ, ಮುಟ್ಟಬ್ಯಾಡ್ರಿ, ಒಡದೀತು” ಎಂದು ಕಾವಲಿನವನು ಓಡಿಬಂದ. ಗಡಿಗೆಯನ್ನು ತಟ್ಟದೆ ನೋಡುವುದು ಹೇಗೋ ನನಗಂತೂ ಗೊತ್ತಿಲ್ಲ. ಆ ಠಣ್ ಕೇಳಿ ಹಳೆಯದೆಲ್ಲ ನೆನಪಾಗಿ ಅಲ್ಲೇ ಒಂದು ಕುರ್ಚಿಯಲ್ಲಿ ಕುಳಿತುಬಿಟ್ಟೆ.

ಎಪ್ಪತ್ತರ ದಶಕದಲ್ಲಿ ನಾವು ತಿಕೋಟಾದಲ್ಲಿದ್ದೆವು. ನಮ್ಮ ಗೋಡೆಗೆ ಗೋಡೆ ಹಚ್ಚಿ ಕುಂಬಾರ ಕಾಕಾನ ಮನೆ. ಯಾವುದೋ ಜ್ವರದಲ್ಲಿ ಅವರ ಎರಡೂ ಕಿವಿ ಹೋಗಿದ್ದವು. ಕೈ ಮಾತ್ರ ಚೂರೂ ತಪ್ಪುತ್ತಿರಲಿಲ್ಲ. ಆದರೆ ಸುಟ್ಟ ಗಡಿಗೆ ಚಲೋ ಇದೆಯೋ ಇಲ್ಲವೋ ಎಂಬುದು ಕಣ್ಣಿಗೆ ಕಾಣುವುದಿಲ್ಲ, ತಟ್ಟಿ ಕೇಳಬೇಕು. ಗಟ್ಟಿ ಇದ್ದದ್ದು ಠಣ್ ಎನ್ನುತ್ತದೆ, ಒಳಗೆ ಸೀಳು ಬಿಟ್ಟದ್ದು ದಪ್ ಎನ್ನುತ್ತದೆ. ಆ ಕೇಳುವ ಕೆಲಸ ಅವರ ಮಗಳದು. ತಾಯಿಯಿಲ್ಲದ ಹುಡುಗಿ, ನನ್ನ ಓರಗೆಯವಳು, ಜೀವದ ಗೆಳತಿ.

ಗಡಿಗೆ ಸುಟ್ಟು ಭಟ್ಟಿ ಬಿಚ್ಚಿದ ದಿನ ಅವಳು ಅಂಗಳದಲ್ಲಿ ಕುಳಿತು ಒಂದೊಂದೇ ಗಡಿಗೆ ತಟ್ಟುವಳು. ಕಾಕಾ ಎದುರಿಗೆ ಕುಕ್ಕರಗಾಲಲ್ಲಿ ಕುಳಿತು ಅವಳ ಮುಖವನ್ನೇ ನೋಡುವರು. ಅವಳು ತಲೆಯಾಡಿಸಿದರೆ ಈಚೆಗೆ, ತುಟಿ ಸೊಟ್ಟ ಮಾಡಿದರೆ ತಿಪ್ಪೆಗೆ. ನಾನೂ ಪಕ್ಕದಲ್ಲಿ ಕುಳಿತು ತಟ್ಟಲು ಕಲಿತೆ.

ಅವಳಿಗೆ ವರ ಬಂದಾಗಲೆಲ್ಲ ಕಾಕಾ ಏನಾದರೊಂದು ನೆವ ಹೇಳಿ ಕಳಿಸಿಬಿಡುತ್ತಿದ್ದರು. “ಮಗಳನ್ನ ಮನ್ಯಾಗ ಕೂಡಿಸ್ಕೊಂಡು ಗಡಿಗಿ ಬಡಸ್ಕೋತ ಕುಂತಾನ ನೋಡವಾ” ಎಂದು ಓಣಿಯ ಹೆಂಗಸರು ಅವರ ಬೆನ್ನ ಹಿಂದೆಯೇ ಗಟ್ಟಿಯಾಗಿ ಆಡಿಕೊಳ್ಳುವರು. ಹೇಗೂ ಕೇಳಿಸುವುದಿಲ್ಲವಲ್ಲ... ಕೊನೆಗೊಮ್ಮೆ ಬಬಲೇಶ್ವರದಿಂದ ಒಳ್ಳೆಯ ಸಂಬಂಧ ಬಂತು, ಕಾಕಾ ಹೂಂ ಅಂದರು. ಅಂದು ಸಂಜೆ ಅವರು ಉಣ್ಣಲಿಲ್ಲ ಎಂದು ಗೆಳತಿ ಹೇಳಿದಳು.

ನಮ್ಮ ಕಡೆ ಮದುವೆಗೆ ಐರಾಣಿ ಬೇಕೇ ಬೇಕು. ಮುತ್ತೈದೆಯರು ವಾದ್ಯ ಬಾರಿಸಿಕೊಂಡು ಕುಂಬಾರರ ಮನೆಗೆ ಹೋಗಿ, ಸುಣ್ಣ ಕೆಮ್ಮಣ್ಣು ಬರೆದ ಗಡಿಗೆಗಳನ್ನು ತಂದು ಹಂದರದಲ್ಲಿ ಇಡುತ್ತಾರೆ. ಅದರಲ್ಲಿ ಸೀಳು ಇದ್ದರೆ ಸಂಸಾರಕ್ಕೆ ಕೇಡು ಎಂಬ ನಂಬಿಕೆ. ಊರಿಗೆಲ್ಲ ಐರಾಣಿ ಕೊಟ್ಟ ಕಾಕಾ ಮಗಳದನ್ನು ಎಷ್ಟು ಅಕ್ಕರೆಯಿಂದ ಮಾಡಿದರೆಂದರೆ, ಒಣಗಲು ಇಟ್ಟಾಗ ಕೋಳಿಯನ್ನು ಕೂಡ ಹತ್ತಿರ ಬಿಡಲಿಲ್ಲ.

ಭಟ್ಟಿಯಿಂದ ತೆಗೆದು ತಾವೇ ಅವಳ ಮುಂದೆ ತಂದಿಟ್ಟರು. ಅವಳು ತಟ್ಟಿದಳು. ಮೊದಲಿನವು ಠಣ್ ಎಂದವು. ಕೊನೆಯದು ದಪ್ ಎಂದಿತು. ನನ್ನ ಕಿವಿಯಾರೆ ಕೇಳಿದ್ದೇನೆ. ಅವಳು ನಕ್ಕು ತಲೆಯಾಡಿಸಿದಳು. ಕಾಕಾ ಅದನ್ನೆತ್ತಿ ಎದೆಗೆ ಒತ್ತಿಕೊಂಡು ಒಳಗೆ ಹೋದರು.

“ಅದು ಸೀಳೇತಲ್ಲಲೇ” ಅಂದೆ.

“ಸುಮ್ನಿರಲೇ. ಅಪ್ಪ ನನ್ನ ಮಾರಿ ನೋಡಾಕತ್ತಿದ್ದ” ಅಂದಳು.

ಮದುವೆಯಾಯಿತು, ಐರಾಣಿಯೂ ಅವಳ ಜೊತೆ ಬಬಲೇಶ್ವರಕ್ಕೆ ಹೋಯಿತು. ಮರುವರ್ಷ ಚೊಚ್ಚಲ ಹೆರಿಗೆಯಲ್ಲಿ ಅವಳು ಹೋಗಿಬಿಟ್ಟಳು. ರಕ್ತ ನಿಲ್ಲಲಿಲ್ಲವಂತೆ, ಕೂಸೂ ಉಳಿಯಲಿಲ್ಲ... ಅವಳ ಟ್ರಂಕಿನ ಜೊತೆ ಐರಾಣಿಯನ್ನೂ ಬೀಗರು ತಿರುಗಿ ಕಳಿಸಿದರು. ಕಳಿಸಬಾರದಿತ್ತು. ಅದನ್ನು ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ.

ಕಾಕಾ ಅವುಗಳಿಗೆ ನೀರು ತುಂಬಿ ಮಗಳ ಹಾಸಿಗೆ ಹಾಸುತ್ತಿದ್ದ ಜಾಗದಲ್ಲಿ ಇಟ್ಟರಂತೆ. ಬೆಳಿಗ್ಗೆ ನೋಡಿದರೆ ಒಂದರ ಕೆಳಗೆ ನೆಲವೆಲ್ಲ ಹಸಿ. ಆ ಗಡಿಗೆ ಹಿಡಿದುಕೊಂಡೇ ನಮ್ಮ ಮನೆಗೆ ಬಂದರು. ನಾನು ರೊಟ್ಟಿ ಬಡಿಯುತ್ತಿದ್ದೆ.

“ಅವತ್ತು ನೀನೂ ಕುಂತಿದ್ದಿ. ಆಕೀಗೆ ಗೊತ್ತಿತ್ತೇನವಾ?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹೌದೆಂದು ತಲೆಯಾಡಿಸಿದೆ. ಅವರು ಗಡಿಗೆಯ ಸೀಳಿನ ಮೇಲೆ ಹೆಬ್ಬೆರಳು ಆಡಿಸಿದರು.

“ಸೀಳಿದ ಗಡಿಗಿ ಕೊಟ್ಟ ಕಳಿಸಿದ್ನಿ. ಹಂಗಾರ ನಾನs ಕೊಂದ್ನೇನು ಆಕೀನ್ನ?”

“ಇಲ್ಲ ಕಾಕಾ, ಗಡಿಗೀದೇನೂ ಇಲ್ಲರಿ, ರಗತ ಹೋಗಿ ಸತ್ತಾಳ್ರಿ” ಎಂದು ಕೂಗಿದೆ. ಓಣಿಯವರೆಲ್ಲ ಬಾಗಿಲಿಗೆ ಬರುವಷ್ಟು ಜೋರಾಗಿ ಕೂಗಿದೆ. ಹಿಟ್ಟಿನ ಕೈ ಜೋಡಿಸಿ ಅಲ್ಲ ಅಲ್ಲ ಎಂದು ತಲೆ ಅಲ್ಲಾಡಿಸಿದೆ. ಆದರೆ ಗೆಳತಿ ಸತ್ತ ಮಾತೆತ್ತಿದ್ದೇ ತಡ, ಅಳು ಒತ್ತರಿಸಿ ಬಂದಿತ್ತು, ತಡೆಯಲು ಆಗಲಿಲ್ಲ. ಕಿವಿಯಿಲ್ಲದ ಮನುಷ್ಯ, ಮಗಳ ಮುಖ ನೋಡಿದ ಹಾಗೆಯೇ ನನ್ನ ಮುಖವನ್ನೂ ನೋಡುತ್ತ ನಿಂತರು. ನನ್ನ ಕಣ್ಣೀರೇ ಹೌದೆಂಬ ಉತ್ತರ ಎಂದುಕೊಂಡರು. “ಆತು ಬಿಡವಾ” ಎಂದು ಹೊರಟುಹೋದರು. ಆಮೇಲೆ ಅವರು ತಿಗರಿ ತಿರುಗಿಸಲಿಲ್ಲ, ಒಂದು ಗಡಿಗೆಯನ್ನೂ ಮಾಡಲಿಲ್ಲ. ಮುಂದಿನ ಬೇಸಿಗೆಗೆ ಅವರೂ ಇರಲಿಲ್ಲ.

“ಅತ್ತೀ, ಯಾಕ ಅಳಾಕತ್ತೀರಿ?” ಎಂದು ಮೊನ್ನೆ ಸೊಸೆ ಹೆದರಿ ಕೇಳಿದಳು. ಅವಳಿಗೆ ಇದೆಲ್ಲ ಹೇಳಿದೆ. ಎಷ್ಟೋ ವರ್ಷ ಆಯಿತು, ನಾನೇ ಮುದುಕಿಯಾದೆ. ಕಾಕಾ ಈಗ ಎದುರು ಬಂದು ನಿಂತು ಅದೇ ಮಾತು ಕೇಳಿದರೂ, ಅಳದೆ ಉತ್ತರ ಕೊಡಲು ನನ್ನಿಂದ ಆಗುವುದಿಲ್ಲ.