ಮೇಸ್ತ್ರಿಯ ಕೊಂಕು, ಬಣ್ಣದವನ ಕೊಂಡಿ

ಹಗ್ಗಕ್ಕೆ ತೂಗುಹಾಕಿದ ಹಲಗೆಯ ಮೇಲೆ ನಿಂತು ಎತ್ತರದ ಕಟ್ಟಡಗಳಿಗೆ ಬಣ್ಣ ಬಳಿಯುವ ಆತನಿಗೆ ಎತ್ತರದ ಭಯವಿರಲಿಲ್ಲ. ಕೊಂಕು ಮಾತಿನ ಭಯವಿತ್ತು. ಸೊಂಟಪಟ್ಟಿ ಬಿಗಿದು ಅದರ ಕೊಂಡಿಯನ್ನು ಮೇಲಿನ ಹಗ್ಗಕ್ಕೆ ಸಿಕ್ಕಿಸಿದರೆ ಜೀವಕ್ಕೆ ಧೋಕಾ ಇಲ್ಲ. ಆದರೆ ಕೊಂಡಿ ಹಾಕಿದವನ ಕೈ ನಿಧಾನ, ಮೇಸ್ತ್ರಿಗೋ ಅವಸರ. ಬಿಚ್ಚು ಎಂದು ಬಾಯಿಬಿಟ್ಟು ಹೇಳಿದರೆ ನಾಳೆ ತನ್ನ ತಲೆಗೇ ಬಂದೀತು. ಹಾಗಾಗಿ ಮೇಸ್ತ್ರಿ ನಯವಾಗಿ, "ಬಿಗಿಯಾಗಿ ಕಟ್ಕೊಳ್ಳಪ್ಪ ಗಾಳಿಪಟ, ಹಾರಿ ಹೋದೀಯ," ಎನ್ನುತ್ತಿದ್ದ. ಜೊತೆಯವರು ಕಿಸಕ್ಕನೆ ನಗುವಷ್ಟರಲ್ಲಿ ಇವನ ಕೊಂಡಿ ಕಳಚಿರುತ್ತಿತ್ತು. ಹೋದ ತಿಂಗಳು ಕಾಲು ಜಾರಿದಾಗ ಹಗ್ಗ ಕೈಗೆ ಸಿಕ್ಕಿ ಉಳಿದ. ಅಂಗೈ ಚರ್ಮ ಹಗ್ಗದ ಪಾಲಾಯಿತು. ಬೇರೆ ಕಡೆ ಹೋಗೋಣವೆಂದರೆ, ಊರಿನ ಎತ್ತರದ ಕೆಲಸವೆಲ್ಲ ಈ ಮೇಸ್ತ್ರಿಯದೇ.

ಹೆಂಡತಿ ಚಪ್ಪಲಿ ಅಂಗಡಿಯಲ್ಲಿ ಮಾರಾಟಕ್ಕೆ ನಿಲ್ಲುವವಳು. "ಆ ಜೋಡಿ ಬೇಡ ಬಿಡಿ ಅಣ್ಣ, ಅದು ದೊಡ್ಡೋರು ಹಾಕೋದು," ಎಂದು ನಿಟ್ಟುಸಿರು ಬಿಟ್ಟೇ ಎಷ್ಟೋ ಕಾಲುಗಳಿಗೆ ದುಬಾರಿ ಮಾಲು ತೊಡಿಸಿದ್ದಳು. ಕೊಂಕೆಂಬ ಈ ಸರಕಿನ ಒಳಗುಟ್ಟು ಅವಳಿಗೆ ಗೊತ್ತು.

"ಇದು ಬರೀ ಮಾತಲ್ಲ ಕಣ್ರೀ, ವ್ಯಾಪಾರ. ನಕ್ಕು ಹೌದು ಅಂದ್ಬಿಡಿ. ಗಿರಾಕಿ ತಪ್ಪಿದ ಅಂಗಡಿಯವನ ಹಾಗೆ ಪೆಚ್ಚಾಗ್ತಾನೆ."

ದಿನಾ ಸಂಜೆ ಅಡುಗೆಮನೆಯ ಕಿಟಕಿ ಸರಳಿಗೆ ಗಂಡನ ಕೊಂಡಿ ಸಿಕ್ಕಿಸಿ, ಮೇಸ್ತ್ರಿಯ ಹಾಗೇ ಮೂಗಿನಲ್ಲಿ ನಗುತ್ತಾ ಚುಚ್ಚುವಳು.

"ಏನ್ ಗಾಳಿಪಟ, ಬಾಲ ಕಟ್ಕೊಂಡ್ಯಾ?"

"ಹೌದು ಮೇಸ್ತ್ರಿ, ಬಾಲ ಇದ್ರೇನೇ ನೆಟ್ಟಗೆ ಹಾರೋದು."

ಮೊದಮೊದಲು ಕಿವಿ ಕೆಂಪಾಗುತ್ತಿತ್ತು. ಬರುಬರುತ್ತಾ ಚುಚ್ಚುಮಾತು ಮೈಗೆ ಒಗ್ಗಿತು. ಕೆಲಸದಲ್ಲೂ ಅದೇ ಉತ್ತರ ಕೊಟ್ಟ. ಜೊತೆಯವರು ಈ ಸಲ ಮೇಸ್ತ್ರಿಯನ್ನು ನೋಡಿ ನಕ್ಕರು.

ಮೇಸ್ತ್ರಿಯೂ ವ್ಯಾಪಾರಿಯೇ, ಮಾಲು ಬದಲಾಯಿಸಿದ. ಮರುದಿನ ಇವನ ಹಲಗೆಯಲ್ಲೇ ಮೇಲೇರಿ, ಅರ್ಧ ದಾರಿಯಲ್ಲಿ ಮೆಲ್ಲಗೆ ಅಂದ: "ಬಿಚ್ಬೇಡಪ್ಪ. ಮನೆಯೋರು ಕಟ್ಟಿ ಕಳ್ಸಿದ್ದು. ಬಿಚ್ಚಿದ್ರೆ ಮೂಲೇಲಿ ನಿಲ್ಲಿಸ್ತಾರೆ."

ಲೋಕದ ಕೊಂಕನ್ನೆಲ್ಲ ಆಡಿ ತೋರಿಸಿದ ಹೆಂಡತಿ ತನ್ನನ್ನು ತಾನೇ ಆಡಿಕೊಂಡಿರಲಿಲ್ಲ. ಮುಂದೆ ಗೋಡೆ, ಹಿಂದೆ ಬಯಲು, ಪಕ್ಕದಲ್ಲಿ ಆ ನಗು, ಸರಿಯಲು ಜಾಗವಿಲ್ಲ. ಕೊಂಡಿ ಕಳಚಿ, ಸಂಜೆಯವರೆಗೆ ಒಂದು ಕೈಯಲ್ಲಿ ಹಗ್ಗ ಹಿಡಿದೇ ಬಳಿದ.

ವಿಷಯ ಕೇಳಿ ಹೆಂಡತಿ ಒಲೆಯ ಮೇಲೆ ನೀರಿಟ್ಟಳು. ಆಮೇಲೆ ಕೊಂಡಿಯನ್ನು ಸರಳಿಗೆ ಸಿಕ್ಕಿಸಿ, ಮೂಗಿನಲ್ಲೇ ನಕ್ಕಳು. "ಮನೆಯೋರು ಕಟ್ಟಿ ಕಳ್ಸಿದ್ರಾ?"

ಇವನ ಕೈ ತಾನಾಗಿ ಸರಳಿಗೆ ಹೋಯಿತು. ಕೊಂಡಿ ಕಳಚಿತು.

ಮತ್ತೆ ಸಿಕ್ಕಿಸಿದಳು, ಮತ್ತೆ ಅಂದಳು. ಮತ್ತೆ ಕಳಚಿತು. ಒಲೆಯ ಮೇಲಿನ ನೀರು ಕುದ್ದು ಕುದ್ದು ಬತ್ತಿತು.

"ನೀನೇ ಹಾಗನ್ಬೇಡ್ವೇ," ಎಂದ ಕೊನೆಗೆ.

"ನಾಳೆ ಅವನ ಪಕ್ಕಾನೇ ನಿಲ್ಬೇಕಲ್ಲ," ಎಂದು ಅವಳು ಕೊಂಡಿ ಎತ್ತಿಕೊಂಡಳು.